ಮೊಣಕೈಗೆ ಸಿಕ್ಕವರು

ಮನುಷ್ಯನ ಮೈ ನೋಡಿ ಬೆರಗಾಗುವುದು ಇನ್ನು ಸಾಕು ಅಂದುಕೊಂಡ ದಿನವೇ ಯಾರಾದರೊಬ್ಬರು ಬಂದು ನಮ್ಮ ಮಂಚದ ಮೇಲೆ ಬೋರಲು ಮಲಗುತ್ತಾರೆ. ಹಲಸೂರು ಕೆರೆ ಹತ್ತಿರದ ಗಲ್ಲಿಯಲ್ಲಿ, ಟೈಲರ್ ಅಂಗಡಿಯ ಮಹಡಿ ಮೇಲೆ ನಮ್ಮ ಕ್ಲಿನಿಕ್ಕು. ನೋವು ಎಲ್ಲಿ, ಯಾಕೆ ಅಂತ ಪತ್ತೆ ಹಚ್ಚುವುದು ಫಿಸಿಯೋ ಮೇಡಂ ಕೆಲಸ. ಆಮೇಲಿನದು ನನ್ನ ಹೆಬ್ಬೆರಳು, ಮೊಣಕೈಗಳ ಪಾಲು. ಬೋರ್ಡಿನಲ್ಲಿ ಡೀಪ್ ಟಿಶ್ಯೂ ಮಸಾಜ್ ಅಂತ ಬರೆದಿದೆ. ಮೇಲೆ ಮೇಲೆ ಎಣ್ಣೆ ಸವರುವುದಲ್ಲ. ಒಳಗೆ ಗಂಟು ಕಟ್ಟಿದ ಮಾಂಸಖಂಡವನ್ನು ಒತ್ತಿ ಒತ್ತಿ ಸಡಿಲ ಮಾಡುವುದು. ಈ ಊರಿನವರು ಬೆಳಗಾದರೆ ಓಡುತ್ತಾರೆ, ಸಂಜೆ ಶಟಲ್ ಆಡುತ್ತಾರೆ, ಭಾನುವಾರ ಫುಟ್‌ಬಾಲ್ ಆಡುತ್ತಾರೆ. ಸೋಮವಾರ ನನ್ನ ಹತ್ತಿರ ಬರುತ್ತಾರೆ.

ಬಂಡೆ

ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯೊಬ್ಬಳು ಒಂದು ದಿನ ತನ್ನ ಅಪ್ಪನನ್ನು ಎಳೆದುಕೊಂಡು ಬಂದಳು. ಅವರು ರಸೆಲ್ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊರುವ ಚಾಚಾ.

"ಭುಜ ಹಿಡ್ಕೊಂಡಿದೆ ಅಣ್ಣಾ, ಆದ್ರೆ ಬಾಯಿ ಬಿಟ್ಟು ಹೇಳಲ್ಲ" ಅಂದಳು.

ಚಾಚಾ ಅಂಗಿ ತೆಗೆದರು. ಅಂಥ ಬೆನ್ನನ್ನು ನಾನು ಪುಸ್ತಕದ ಚಿತ್ರದಲ್ಲೂ ನೋಡಿರಲಿಲ್ಲ. ಮುಟ್ಟಿದರೆ ಕಲ್ಲು. ಹೆಬ್ಬೆರಳಿಟ್ಟೆ, ಮುಷ್ಟಿ ಇಟ್ಟೆ, ಮೊಣಕೈ ಊರಿದೆ. ಕೊನೆಗೆ ಸ್ಟೂಲ್ ಹತ್ತಿ ಮೈಭಾರವನ್ನೆಲ್ಲ ಬಿಟ್ಟೆ. ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ನನ್ನ ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಚಾಚಾ ತಲೆ ಎತ್ತಿ ಸಮಾಧಾನವಾಗಿ ಕೇಳಿದರು: "ಎಣ್ಣೆ ಹಚ್ಚಿದ್ದು ಆಯ್ತಾ ಬೇಟಾ? ಇನ್ನು ಶುರು ಮಾಡು."

ಶಭಾಶ್

ಇಂದಿರಾನಗರದ ಒಬ್ಬರು ದೂರದ ಓಟದವರು. ಕೈಗಡಿಯಾರದಲ್ಲಿ ನಾಡಿ ಬಡಿತದಿಂದ ನಿದ್ದೆಯವರೆಗೆ ಎಲ್ಲದರ ಲೆಕ್ಕ. ಅವರ ತೊಡೆಗೆ ಮೊಣಕೈ ಊರಿದ ಕೂಡಲೇ ಮಂಚದ ಅಂಚು ಹಿಡಿದು, ಕಾಲು ಬಡಿದು, ಬುಸುಬುಸು ಉಸಿರು ಬಿಟ್ಟರು. ಎಲ್ಲ ಮುಗಿದಾಗ ಗಡಿಯಾರ ಟಿಣ್ ಅಂತು. ನೋಡಿ ಅವರ ಮುಖ ಅರಳಿತು.

"ಏನಂತೆ ಸಾರ್?"

"ಇವತ್ತಿನ ವ್ಯಾಯಾಮ ಭರ್ಜರಿಯಾಗಿ ಆಯ್ತಂತೆ!"

ವ್ಯಾಯಾಮ ಮಾಡಿದ್ದು ನಾನು, ಶಭಾಶ್ ಸಿಕ್ಕಿದ್ದು ಅವರಿಗೆ.

ರೆಕ್ಕೆ ಮೂಳೆಯ ಕೆಳಗೆ

ಟಿನ್ ಫ್ಯಾಕ್ಟರಿ ಕಡೆಯಿಂದ ಶಟಲ್ ಆಡುವ ಒಬ್ಬ ಸಾಹೇಬರು ಬರುತ್ತಿದ್ದರು. ಮಾತೆಲ್ಲ ಇಂಗ್ಲಿಷ್. ನನ್ನ ಇಂಗ್ಲಿಷ್ "ರಿಲ್ಯಾಕ್ಸ್ ಸರ್, ಬ್ರೀದ್ ಸರ್" ಅನ್ನುವಷ್ಟೇ. ಹೀಗೇ ಮೂರು ವಾರ ಕಳೆಯಿತು. ನಾಲ್ಕನೇ ವಾರ ಬೆನ್ನಿನ ರೆಕ್ಕೆ ಮೂಳೆಯ ಕೆಳಗೆ ನೋವಿನ ಬೇರು ಕೈಗೆ ಸಿಕ್ಕಿತು. ಅದರ ಮೇಲೆ ಭಾರ ಹಾಕಿದೆ.

"ಯವ್ವಾ! ಸತ್ತೆನಪ್ಪೋ!"

ನನ್ನ ಕೈ ಹಾಗೇ ನಿಂತಿತು. ನಾನು ಸುರಪುರದ ಕಡೆಯವನು. ಊರು ಬಿಟ್ಟ ಮೇಲೆ ಅಂಥ "ಯವ್ವಾ" ನನ್ನ ಕಿವಿಗೆ ಬಿದ್ದಿರಲಿಲ್ಲ. ಇಷ್ಟು ಆಳದಲ್ಲಿ ತಾಯಿಭಾಷೆ ಬಚ್ಚಿಟ್ಟುಕೊಂಡಿರುತ್ತದಾ ಅಂತ ಮೈ ಜುಮ್ಮೆಂದಿತು.

"ಯಾವೂರ್ರೀ ಸರ ನಿಮ್ದು?"

"ಶಹಾಪುರ ರೀ."

"ಬಾಜೂಕೇ ಸುರಪುರ ರೀ ನಂದು!"

ಅವರು ಎದ್ದೇ ಕೂತರು. "ಮತ್ತ ಇಷ್ಟ್ ದಿನ ಇಂಗ್ಲಿಷ್ ಯಾಕ ಮಾತಾಡಿದ್ರಿ?"

"ನೀವ ಮಾತಾಡಿದ್ರಲ್ರೀ!"

ಅವತ್ತಿನಿಂದ ನನಗೆ ಕೆಲಸವೇ ಕಷ್ಟ. ಸ್ವಲ್ಪ ಜೋರಾಗಿ ಒತ್ತಿದರೂ ಸಾಕು, "ಊರ ಮಂದಿಗೆ ಯಾರರ ಹಿಂಗ ಒತ್ತತಾರೇನ್ರೀ?" ಅಂತಾರೆ.

ಅಲ್ಲಾಡದ ಗೋಲಿ

ನಮ್ಮ ಗಲ್ಲಿ ಫುಟ್‌ಬಾಲ್ ತಂಡದ ಗೋಲಿಗೆ, ಅಂದರೆ ಗೋಲ್‌ಕೀಪರಿಗೆ, ನಲವತ್ತು ದಾಟಿದೆ. ಹಗಲು ಆಟೋ ಓಡಿಸುತ್ತಾರೆ. ಹುಡುಗನಾಗಿದ್ದಾಗಿನಿಂದ ಆಡಿದರೂ ಒಂದು ಕಪ್ಪನ್ನೂ ಎತ್ತಿದವರಲ್ಲ. ಈ ಸಲದ ಫೈನಲ್ ಮುಗಿಸಿ ಆಟ ಬಿಡುತ್ತೇನೆ ಅಂದಿದ್ದರು.

ಫೈನಲ್ ಸಮಬಲವಾಗಿ ಪೆನಾಲ್ಟಿಗೆ ಹೋಯಿತು. ಅಷ್ಟರಲ್ಲಿ ಗೋಲಿಯ ಎರಡೂ ತೊಡೆ ಹಿಡಿದುಕೊಂಡವು, ಅವರು ನೆಲಕ್ಕೆ ಬಿದ್ದರು. ಬದಲಿಗೆ ಬೇರೆ ಗೋಲಿ ಇರಲಿಲ್ಲ. ನೋಡಲು ಹೋಗಿದ್ದ ನನ್ನನ್ನು ಕ್ಯಾಪ್ಟನ್ ದರದರ ಎಳೆದುಕೊಂಡು ಹೋದ.

"ಎರಡೇ ನಿಮಿಷ ಟೈಮು. ಏನಾದ್ರೂ ಮಾಡು ಗುರು!"

ಕಲಿತದ್ದನ್ನೆಲ್ಲ ಆ ಎರಡು ನಿಮಿಷಕ್ಕೆ ಸುರಿದೆ. ಗೋಲಿ ಟವೆಲ್ ಕಚ್ಚಿಕೊಂಡರು. ಬಿಗಿದ ತೊಡೆ ಸಡಿಲವಾಯಿತು. ಎದ್ದು, ಮೆಲ್ಲಗೆ ನಡೆದು ಹೋಗಿ ಗೋಲಿನ ನಡುವೆ ನಿಂತರು.

ನಮ್ಮವರು ಐದಕ್ಕೆ ಐದೂ ಹೊಡೆದರು. ಎದುರಿನವರ ನಾಲ್ಕು ಚೆಂಡು ನಮ್ಮ ಗೋಲಿಯ ಎಡಬಲದಲ್ಲಿ ಹಾದು ಒಳಗೆ ಹೋದವು. ಅವರು ಮಿಸುಕಾಡಲಿಲ್ಲ. ಉಳಿದದ್ದು ಒಂದೇ. ಈಗಲಾದರೂ ಹಾರುತ್ತಾರೆ ಅಂತ ಲೆಕ್ಕ ಹಾಕಿ ಎದುರಿನವನು ನಟ್ಟನಡುವೆ ಬಾರಿಸಿದ. ಚೆಂಡು ಎದೆಗೆ ಬಡಿದು ಆಚೆ ಹೋಯಿತು!

"ಏನ್ ಗುಂಡಿಗೆ ಮಗಾ! ಅಲ್ಲಾಡ್ಲೇ ಇಲ್ಲ!" ಅಂತ ಇಡೀ ಮೈದಾನ ಕೂಗಿತು. ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ನನ್ನ ಕಣ್ಣಲ್ಲೂ ನೀರು. ಹತ್ತಿರ ಬಂದಾಗ ಅವರು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು:

"ತಂಬಿ, ಏನ್ ಮಾಡ್ಬಿಟ್ಟೆ ನೀನು? ಕಾಲು ಎರಡೂ ಬೆಣ್ಣೆ ಆಗೋಗಿದೆ. ಹಾರ್ಬೇಕು ಅಂತ ಐದು ಸಲಾನೂ ಪ್ರಯತ್ನ ಪಟ್ಟೆ!"

ಮರುದಿನ ಬೆಳಿಗ್ಗೆ ಕ್ಲಿನಿಕ್ ಬಾಗಿಲು ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಒಬ್ಬ ಕೂತಿದ್ದ. ಸೋತ ತಂಡದ ಗೋಲಿ.

"ಅಣ್ಣಾ, ಅವ್ರಿಗೆ ಎಲ್ಲಿ ಒತ್ತಿದ್ರೋ ನನಗೂ ಅಲ್ಲೇ ಒತ್ತಿ" ಅಂದ. "ನಾನು ಐದು ಸಲಾನೂ ಹಾರ್ಬಿಟ್ಟೆ."