ನಾಲ್ಕು ಡಬ್ಬಿ ಪೆಟ್ರೋಲು

ಪೆಟ್ರೋಲಿನ ವಿಷಯದಲ್ಲಿ ನನಗೆ ಒಂದು ಪಜೀತಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ತಪ್ಪು ನನ್ನ ಕಾಲಿನದು. ಹಲಸೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಆರು ದಿನ ಸ್ಕ್ರೂ, ನಟ್ಟು ಮಾರುವ ನನಗೆ ಭಾನುವಾರ ಬಂತೆಂದರೆ ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಕೂರಲಾಗದು. ಕೂತರೆ ಕಾಲು ತಾನಾಗಿಯೇ ಅಲ್ಲಾಡುತ್ತದೆ. ಮದುವೆಗೂ ಮುಂಚೆ ಕೊಂಡ ಹಳೇ ಬೈಕನ್ನು ಹತ್ತಿ ನೂರು ಕಿಲೋಮೀಟರ್ ಹೋಗಿ ಒಂದು ಟೀ ಕುಡಿದು ಬಂದರೆ ವಾರವೆಲ್ಲ ನೆಮ್ಮದಿ.

ಆದರೆ ಆ ಬೈಕಿನ ಹೊಟ್ಟೆ ಸೂಕ್ಷ್ಮ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, ಹಳೇ ಗಾಡಿಗೆ ಅದು ಆಗಿಬರುವುದಿಲ್ಲ ಎಂದು ಯಾರೋ ತಲೆಗೆ ತುಂಬಿದರು. ಅವತ್ತಿನಿಂದ ನನ್ನ ಹೊಟ್ಟೆಯೂ ಸರಿಯಿಲ್ಲ.

ಮುಳಬಾಗಿಲಿನ ದೋಸೆ

ಒಂದು ಭಾನುವಾರ ಮುಳಬಾಗಿಲಿಗೆ ಹೋಗಿ ದೋಸೆ ತಿನ್ನೋಣವೆಂದು ಹೊರಟೆ. ಹೆಲ್ಮೆಟ್ಟು, ಗ್ಲೌಸು, ಮೊಣಕಾಲಿಗೆ ಪ್ಯಾಡು, ಎಲ್ಲ ಏರಿಸಿಕೊಂಡಿದ್ದೆ. ಮನೆ ಬಿಟ್ಟು ಟಿನ್ ಫ್ಯಾಕ್ಟರಿ ತಲುಪುವಷ್ಟರಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಬಸ್ಸುಗಳ ಹಾರ್ನ್ ನಡುವೆ ತಳ್ಳುತ್ತಿದ್ದಾಗ ಪಕ್ಕದಲ್ಲೊಂದು ಸ್ಕೂಟರ್ ಬಂದು ನಿಂತಿತು. ನನ್ನ ಹೆಂಡತಿ. ಇಂದಿರಾನಗರದ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ, ಭಾನುವಾರವೂ ರಜೆಯಿಲ್ಲ.

"ದೋಸೆ ತಿಂದಾಯ್ತಾ?" ಎಂದಳು.

"ಪೆಟ್ರೋಲ್ ಸರಿ ಇಲ್ಲ ಕಣೇ."

"ನಾನು ಕ್ಯೂ ಎಲ್ಲಿ ಚಿಕ್ಕದಿರುತ್ತೋ ಅಲ್ಲಿ ಹಾಕಿಸ್ತೀನಿ. ಇವತ್ತಿನವರೆಗೂ ಎಲ್ಲೂ ನಿಂತಿಲ್ಲ. ಕೇಳಿ ಇಲ್ಲಿ, ಇನ್ನೊಂದು ಸಲ ಇದು ದಾರೀಲಿ ನಿಂತ್ರೆ ಮಾರ್ಬಿಡೋದೇ. ಕೆಳಗಡೆ ಮನೆಯವರು ಕೇಳ್ತಾನೇ ಇದಾರೆ."

ಕೆಳಗಡೆ ಮನೆಯವರು ಆಗಲೇ ದಿನಾ ಬೆಳಿಗ್ಗೆ ಬಂದು ಸೀಟು ತಟ್ಟಿ ನೋಡಿ ಹೋಗುತ್ತಿದ್ದರು. ಗಾಡಿ ಹೋದರೆ ನನ್ನ ಭಾನುವಾರಗಳ ಗತಿಯೇನು?

ಅವಳು ಸ್ಕೂಟರ್ ಎಬ್ಬಿಸಿಕೊಂಡು ಹೊರಟಳು. ಹೋಗುವಾಗ ತಿರುಗಿ, "ಫ್ರಿಜ್ಜಲ್ಲಿ ದೋಸೆ ಹಿಟ್ಟಿದೆ," ಎಂದಳು.

ಮೂಗಿನ ಪರೀಕ್ಷೆ

ಶಿವಾಜಿನಗರದಲ್ಲಿ ನನ್ನ ಗಾಡಿ ನೋಡುವ ಮೆಕ್ಯಾನಿಕ್ ಭಾಯ್ ಒಬ್ಬರಿದ್ದಾರೆ. ಅವರ ಕಾಲಿಗೆ ಬೀಳುವುದೊಂದು ಬಾಕಿ. ಅವರು ವಿದ್ಯೆ ಹೇಳಿಕೊಟ್ಟರು.

"ಅಂಗೈ ಮೇಲೆ ಎರಡು ಹನಿ ಹಾಕಿ ಉಜ್ಜು. ಝಟ್ ಅಂತ ಆರಿದ್ರೆ ಅಸಲಿ. ಆರ್ಲಿಲ್ಲ, ಡೌಟೇ. ಅಷ್ಟೂ ಗೊತ್ತಾಗ್ಲಿಲ್ಲ ಅಂದ್ರೆ ನನ್ ಹತ್ರ ತಾ. ಮೂಸಿ ಹೇಳ್ತೀನಿ."

ನಾಲ್ಕು ವಾರ ನಾಲ್ಕು ಬಂಕಿನ ಪೆಟ್ರೋಲು ಟ್ಯಾಂಕಿಗೆ ಹಾಕಿಸಿ ಒಯ್ದೆ. ಭಾಯ್ ಕಣ್ಣು ಮುಚ್ಚಿ, ಆಳವಾಗಿ ಉಸಿರೆಳೆದು, ತಲೆಯಾಡಿಸಿ "ಬೇಕಾರ್" ಎನ್ನುತ್ತಿದ್ದರು. ಇಡೀ ಪೂರ್ವ ಬೆಂಗಳೂರಿನಲ್ಲಿ ನನ್ನ ಗಾಡಿಗೆ ಅನ್ನವಿಲ್ಲವಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಐದನೇ ವಾರ ಮೂಸಿದವರೇ ಅರಳಿಬಿಟ್ಟರು.

"ವಾಹ್! ಇದು ಮಾಲು! ಎಲ್ಲಿಂದ ತಂದೆ?"

"ಮೊದಲ್ನೇ ವಾರ ತಂದಿದ್ನಲ್ಲ ಭಾಯ್, ಅದೇ ಬಂಕು."

ಭಾಯ್ ಇನ್ನೊಮ್ಮೆ ಮೂಸಿದರು. "ಹಂಗಾದ್ರೆ ನೆಗಡಿ ಹೋಯ್ತು. ಒಂದು ತಿಂಗಳಿಂದ ಏನೂ ವಾಸ್ನೇನೇ ಬರ್ತಿರ್ಲಿಲ್ಲ!"

ಚಟ್ನಿ ಬೇರೆ

ಮೂಗು ಕೈಕೊಟ್ಟರೂ ಅಂಗೈ ವಿದ್ಯೆಯಲ್ಲಿ ನನ್ನ ನಂಬಿಕೆ ಹೋಗಲಿಲ್ಲ. ಟ್ಯಾಂಕಿಗೆ ಹಾಕಿಸುವ ಮುಂಚೆಯೇ ಪರೀಕ್ಷಿಸೋಣವೆಂದರೆ ಬಂಕಿನವರು ಪ್ಲಾಸ್ಟಿಕ್ ಬಾಟಲಿಗೆ ಹಾಕಿಕೊಡುವುದಿಲ್ಲ. ನಮ್ಮ ಮದುವೆಗೆ ಒಂದೇ ಥರದ ಎರಡು ಊಟದ ಕ್ಯಾರಿಯರ್ ಉಡುಗೊರೆ ಬಂದಿದ್ದವು, ನಾಲ್ಕು ಡಬ್ಬಿಯವು, ಬಾಯಿಗೆ ರಬ್ಬರ್ ಇರುವಂಥವು. ಒಂದು ಅಡುಗೆಮನೆಯಲ್ಲಿತ್ತು, ಇನ್ನೊಂದು ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅಟ್ಟದ್ದನ್ನು ಗುಟ್ಟಾಗಿ ಇಳಿಸಿದೆ.

ಹೊರಮಾವು ಕಡೆಯ ಬಂಕೊಂದರಲ್ಲಿ ಅದರ ಮೇಲಿನ ಡಬ್ಬಿ ತೆಗೆದು ಹಿಡಿದೆ. ಪೈಪು ಹಿಡಿದಿದ್ದ ಹೆಂಗಸು ನನ್ನನ್ನೂ ಕ್ಯಾರಿಯರನ್ನೂ ನೋಡಿದಳು.

"ಇದರಲ್ಲಿ ಸ್ವಲ್ಪ ಹಾಕಿ ಮೇಡಂ, ಟೆಸ್ಟಿಗೆ," ಎಂದೆ.

ಅವಳು ನಗಲೂ ಇಲ್ಲ. "ಚಟ್ನಿ ಬೇರೆ ಕಟ್ಟಬೇಕಾ ಸಾರ್?" ಎಂದಳು.

ತವರಿನ ದಾರಿ

ಹೆಂಡತಿಯ ತಮ್ಮನ ನಿಶ್ಚಿತಾರ್ಥ ಬಳ್ಳಾರಿಯಲ್ಲಿ. ಬಸ್ಸು, ರೈಲು ಎಲ್ಲ ಭರ್ತಿ. "ಸರಿ, ನಿಮ್ಮ ಗಾಡೀಲೇ ಹೋಗೋಣ," ಎಂದಳು ಅವಳು. "ನಿಲ್ಲದೆ ತವರು ಮುಟ್ಟಿಸಿದ್ರೆ ಗಾಡಿ ನಿಮ್ಮದು. ನಿಂತ್ರೆ ಕೆಳಗಡೆ ಮನೆಯವರದ್ದು."

ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲಿತ್ತು. ಉಳಿದದ್ದನ್ನು ದಾರಿಯಲ್ಲಿ ಚೊಕ್ಕವಾದ ಕಡೆ ತುಂಬಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ಅವಳು ಮುಂಜಾನೆಯೇ ಎದ್ದು ದಾರಿಗೆಂದು ಚಿತ್ರಾನ್ನ ಕಟ್ಟಿದಳು. ಬೆಳಗಿನ ಅವಸರದಲ್ಲಿ ಕ್ಯಾರಿಯರನ್ನು ಬೈಕಿನ ಚೀಲಕ್ಕೆ ಸೇರಿಸಿ ಹೊರಟದ್ದಾಯಿತು.

ಬಂಕಿನೊಳಗೆ ಹೋಗುವಾಗ ಹಿಂದೆ ಕೂತವರು ಇಳಿದು, ನಡೆದು ಹೋಗಿ, ಆಚೆ ತುದಿಯಲ್ಲಿ ಕಾಯುವುದು ನಮ್ಮಲ್ಲಿ ಪದ್ಧತಿ. ನಾಲ್ಕು ಬಂಕಿನಲ್ಲೂ ಅವಳು ಇಳಿದು ಮುಂದೆ ಹೋದಳು. ನಾಲ್ಕರಲ್ಲೂ ನಾನು ಗ್ಲೌಸು ಕಳಚಿ, ಒಂದು ಡಬ್ಬಿ ತುಂಬಿಸಿ, ಎರಡು ಹನಿ ಅಂಗೈಗೆ ಹಾಕಿ ಉಜ್ಜಿದೆ. ಎಲ್ಲಿಯೂ ಆರಲಿಲ್ಲ. ಟ್ಯಾಂಕಿಗೆ ಒಂದು ತೊಟ್ಟೂ ಹಾಕಿಸದೆ, ಭಾಯ್‌ಗೆ ತೋರಿಸೋಣವೆಂದು ಡಬ್ಬಿ ಮುಚ್ಚಿಕೊಂಡು ಮುಂದೆ ಹೋದೆ.

ಹಿರಿಯೂರು ದಾಟಿ, ಸುತ್ತ ಬರೀ ಬಯಲು ಇರುವ ಕಡೆ ಗಾಡಿ ನಿಂತಿತು. ಟ್ಯಾಂಕಿನಲ್ಲಿ ಕಣ್ಣಿಟ್ಟು ನೋಡಿದೆ. ಒಣಗಿದ ಬಾವಿ.

"ಏನಾಯ್ತು?"

"ಪೆಟ್ರೋಲ್ ಖಾಲಿ."

"ನಾಲ್ಕು ಬಂಕಿಗೆ ಹೋದ್ವಲ್ಲ ರೀ! ಖಾಲಿ ಹೆಂಗಾಗತ್ತೆ?"

ನಾನು ಟ್ಯಾಂಕಿನ ಮುಚ್ಚಳವನ್ನು ಮತ್ತೆ ಮತ್ತೆ ತಿರುಗಿಸಿ ಬಿಗಿಮಾಡಿದೆ. ಅವಳು ನಿಟ್ಟುಸಿರು ಬಿಟ್ಟು, "ಹೊಟ್ಟೆ ಹಸಿದಿದೆ. ಮೊದಲು ಚಿತ್ರಾನ್ನ ತಿನ್ನೋಣ," ಎಂದು ಚೀಲದಿಂದ ಕ್ಯಾರಿಯರ್ ತೆಗೆದು ಮೇಲಿನ ಮುಚ್ಚಳ ಬಿಚ್ಚಿದಳು. ಚಿತ್ರಾನ್ನದ ಕ್ಯಾರಿಯರ್ ಅಡುಗೆಮನೆಯ ಕಟ್ಟೆಯ ಮೇಲೇ ಉಳಿದುಬಿಟ್ಟಿದೆಯೆಂದು ನನಗೆ ಹೊಳೆದದ್ದು ಆಗ.

ಅವಳು ಎರಡನೆಯದನ್ನು ಬಿಚ್ಚಿದಳು. ಮೂರನೆಯದನ್ನು, ನಾಲ್ಕನೆಯದನ್ನು. ಆಮೇಲೆ ನನ್ನ ಮುಖ ನೋಡಿದಳು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅಂಗೈ ವಿದ್ಯೆಯನ್ನು ಮೊದಲಿಂದ ಕೊನೆಯವರೆಗೆ ಒದರಿದೆ. ಅವಳು ನನ್ನ ಗ್ಲೌಸು ಎಳೆದು, ಕೈ ಹಿಡಿದು ನೋಡಿದಳು. ನೀರಲ್ಲಿ ಅದ್ದಿದ ಹಾಗೆ ಬೆವರಿತ್ತು.

"ಒರೆಸ್ಕೊಂಡು ಟೆಸ್ಟ್ ಮಾಡಿದ್ರಾ?"

"ಇಲ್ಲ."

ಅವಳು ನಾಲ್ಕೂ ಡಬ್ಬಿಯನ್ನು ಒಂದಾದ ಮೇಲೊಂದು ಟ್ಯಾಂಕಿಗೆ ಸುರಿದಳು. ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ ಕಿಕ್ಕರಿಗೆ ಒಂದೇ ಒಂದು ಒದೆ ಕೊಟ್ಟಳು. ನನ್ನ ಜನ್ಮದಲ್ಲಿ ಕೇಳಿರದಷ್ಟು ಹಿತವಾಗಿ ಗಾಡಿ ಗುಡುಗಿತು.

"ಹಿಂದೆ ಕೂತ್ಕೊಳ್ಳಿ," ಎಂದಳು. ಕೂತೆ. ಬಳ್ಳಾರಿಯಲ್ಲಿ ಮಾವನ ಮನೆಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತು ನನ್ನನ್ನು ನೋಡಿದರು, ಅದನ್ನು ಬಿಟ್ಟುಬಿಡೋಣ.

ವಾಪಸು ಬಂದ ಮಾರನೇ ದಿನ ಕೆಳಗಡೆ ಮನೆಯವರು ಸೀಟು ತಟ್ಟುತ್ತಾ, "ದಾರೀಲಿ ನಿಂತಂತೆ? ಕೊಡ್ತೀರಾ?" ಎಂದರು.

"ಇಲ್ಲ ಅಣ್ಣ," ಎಂದಳು ನನ್ನ ಹೆಂಡತಿ. "ಗಾಡೀಲಿ ಏನೂ ದೋಷ ಇಲ್ಲ. ದೋಷ ಇದ್ದ ಪಾರ್ಟನ್ನ ಹಿಂದಕ್ಕೆ ಹಾಕಿದೀನಿ."

ಈಗಲೂ ಭಾನುವಾರ ಬಂದರೆ ಕಾಲು ಅಲ್ಲಾಡುತ್ತದೆ. ಅವಳು ಒಂದು ದಿನ ರಜೆ ಹಾಕಿದರೆ ಇಬ್ಬರೂ ಹೊರಡುತ್ತೇವೆ. ಕ್ಯೂ ಚಿಕ್ಕದಿರುವ ಬಂಕು ಕಂಡರೆ ಅವಳು ಗಾಡಿ ತಿರುಗಿಸುತ್ತಾಳೆ. ನಾನು ಇಳಿದು, ಅವಳು ಮನೆಯಲ್ಲೇ ಮೂಸಿ ನೋಡಿ ಕೊಟ್ಟ ಕ್ಯಾರಿಯರ್ ಹಿಡಿದುಕೊಂಡು, ಆಚೆ ತುದಿಯವರೆಗೆ ನಡೆದು ಹೋಗಿ ಕಾಯುತ್ತೇನೆ.