ಕಾಲು ಕೆಜಿ ನೀರು, ನೂರು ಗ್ರಾಂ ಉಪ್ಪು

"ಕೆಮಿಸ್ಟ್ರಿ ಅಂದ್ರೆ ನಂಗೆ ನೀರು ಕುಡಿದಷ್ಟು ಸಲೀಸು!" ಎಂದು ಮುನೇಶ್ ಫೋನಿನಲ್ಲಿ ಹೆಂಡತಿಯೆದುರು ಕೊಚ್ಚಿಕೊಂಡೇಬಿಟ್ಟ.

ಹೆಂಡತಿ ಕಲ್ಪನ ಬಿ.ಎಡ್. ಓದಲು ಮೈಸೂರಿನ ಹಾಸ್ಟೆಲ್ ಸೇರಿದ್ದಳು. ಮದುವೆಯ ಆಲ್ಬಮ್ ಕೂಡ ಇನ್ನೂ ಸ್ಟುಡಿಯೋದಿಂದ ಬಂದಿರಲಿಲ್ಲ! ಬಂಗಾರಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ದಿನವಿಡೀ ಮೊಳೆ ತೂಗಿ ಹತ್ತಿರದ ಊರಾದ ಕೋರಮಂಡಲ್‌ನ ಬಾಡಿಗೆ ಮನೆಗೆ ಮರಳಿದರೆ, ಲೊಚಗುಟ್ಟುವ ಹಲ್ಲಿಯೊಂದನ್ನು ಬಿಟ್ಟು ಮುನೇಶನಿಗೆ ಹೂಂಗುಡುವವರೇ ಇಲ್ಲ. ಒಂಟಿತನ ಅವನನ್ನು ಹಿಂಡಿಹಾಕಿತ್ತು. ಸಂಜೆ ಬರುವ ಅವಳ ಫೋನೇ ಅವನ ಜೀವ. ಆ ಫೋನಿನಲ್ಲಿ ಅವಳು ಕೇಳುತ್ತಿದ್ದುದು ತಾನು ಕಲಿಸಬೇಕಾದ ಶಾಲಾ ಮಕ್ಕಳ ಪಾಠದ ಲೆಕ್ಕಗಳನ್ನು. ಉತ್ತರ ತಪ್ಪಿದರೆ ಬೇರೆಯವರನ್ನು ಕೇಳಿಯಾಳು, ಫೋನೂ ನಿಂತೀತು ಎಂಬ ಭಯ ಅವನಿಗೆ.

"ಸರಿ ಕೇಳ್ರಿ. ನೂರು ಗ್ರಾಂ ನೀರಲ್ಲಿ ಮೂವತ್ತಾರು ಗ್ರಾಂ ಉಪ್ಪು ಕರಗ್ತದೆ. ಕಾಲು ಕೆಜಿ ನೀರಿಗೆ ನೂರು ಗ್ರಾಂ ಹಾಕಿದ್ರೆ ಕರಗದೆ ಉಳಿಯೋದೆಷ್ಟು?"

"ನಾಳೆ ಹೇಳ್ತೀನಿ! ಇಂಥದ್ದನ್ನೆಲ್ಲ ಪ್ರಯೋಗ ಮಾಡೇ ಹೇಳ್ಬೇಕು!"

ಮರುದಿನ ಅಂಗಡಿಯ ತಕ್ಕಡಿ ಮನೆಗೆ ಬಂತು. ಅನ್ನ ಮಾಡುವ ಪಾತ್ರೆಯೇ ಪ್ರಯೋಗಶಾಲೆ! ನೀರು ತೂಗಿದ, ಉಪ್ಪು ತೂಗಿದ, ತೋಳು ಸೋಲುವಷ್ಟು ತಿರುವಿದ. ತಳದಲ್ಲಿ ಸ್ವಲ್ಪ ಉಪ್ಪು ಉಳಿಯಿತು. ಆದರೆ ಒದ್ದೆ! ಒದ್ದೆ ಉಪ್ಪು ತೂಗಿದರೆ ನೀರನ್ನೂ ತೂಗಿದಂತಲ್ಲವೇ? ಒಣಗಿಸಲೆಂದು ಪಾತ್ರೆಯನ್ನು ಹಾಗೇ ಒಲೆಗೇರಿಸಿದ. ಮೇಲಿನ ನೀರನ್ನು ಮೊದಲು ಬಗ್ಗಿಸಬೇಕೆಂಬ ಚಿಕ್ಕ ಸಂಗತಿ ಮಹಾವಿಜ್ಞಾನಿಗೆ ಹೊಳೆಯಲಿಲ್ಲ.

ನೀರು ಕುದಿಯಿತು, ಬತ್ತಿತು. ಆಮೇಲೆ ಶುರುವಾಯಿತು ನೋಡಿ, ಚಟಪಟ ಚಟಪಟ! ಉಪ್ಪು ಸಿಡಿದು ಅವನ ಮೀಸೆಯವರೆಗೂ ಹಾರಿತು. ಪಕ್ಕದ ಮನೆಯ ಅಂಜಮ್ಮ ಬಾಗಿಲಲ್ಲಿ ಪ್ರತ್ಯಕ್ಷ.

"ಏನ್ಲಾ ಮುನೇಶಾ, ಯಾರ್ಗೆ ದೃಷ್ಟಿ ತೆಗೀತಿದ್ದೀಯ?"

"ದೃಷ್ಟಿ ಅಲ್ಲಮ್ಮೋ, ವಿಜ್ಞಾನ!"

"ಎಂಡ್ತಿ ಮನೇಲಿಲ್ದಿದ್ರೆ ಇಂಗೇ ಕಣಪ್ಪ ಆಗೋದು," ಎಂದು ಮರುಗುತ್ತಾ ಆಕೆ ಹೊರಟುಹೋದಳು. ಇನ್ನೊಂದು ಗಳಿಗೆ ನಿಂತಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಪಾತ್ರೆ ಕಪ್ಪಾಗಿತ್ತು. ಅನ್ನದ ಆಸೆ ಬಿಟ್ಟು, ಸಿಡಿದದ್ದನ್ನೂ ಬಳಿದು, ಕೆರೆದು ಕೆರೆದು ತೂಗುವಷ್ಟರಲ್ಲಿ ಫೋನು ಬಂತು.

"ನೂರಕ್ಕೆ ನೂರೂ ಉಳೀತದೆ ಕಣೇ! ಒಂದ್ ಗ್ರಾಮೂ ಕರಗಲ್ಲ! ನಿಮ್ಮ ಪುಸ್ತಕನೇ ಸುಳ್ಳು!"

ಆ ಕಡೆ ಕಿಲಕಿಲ ನಗು. "ಅಯ್ಯೋ, ನೀರೆಲ್ಲಾ ಇಂಗಿಸಿಬಿಟ್ರಾ? ಉತ್ತರ ಹತ್ತು ಕಣ್ರೀ. ಪುಸ್ತಕದ ಕೊನೇ ಪುಟದಲ್ಲೇ ಐತೆ."

"ಕೊನೇ ಪುಟದಲ್ಲಿ ಇದ್ಮೇಲೆ ದಿನಾ ನನ್ನ ಯಾಕೆ ಕೇಳ್ತೀಯ?"

ನಗು ನಿಂತಿತು. "ಇಲ್ಲಿ ನಂಗೆ ಯಾರೂ ಇಲ್ಲ ಕಣ್ರೀ. ಸುಮ್ನೆ ಫೋನ್ ಮಾಡಿದ್ರೆ ನೀವು 'ಊಟ ಆಯ್ತಾ? ಸರಿ, ಇಡ್ತೀನಿ' ಅಂತೀರ. ಲೆಕ್ಕ ಕೇಳಿದ್ರೆ ಅರ್ಧ ಗಂಟೆ ಮಾತಾಡ್ತೀರ."

ಮುನೇಶ್ ಫೋನನ್ನು ಕಿವಿಗೆ ಒತ್ತಿ ಹಿಡಿದ. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ, ಹಲ್ಲಿಯ ಜೊತೆ ಮಾತಾಡುತ್ತಿದ್ದೇನೆ ಎಂದೆಲ್ಲ ಹೇಳಿಬಿಡಬೇಕೆಂದು ದೊಡ್ಡ ಧೈರ್ಯ ಮಾಡಿ ಬಾಯಿ ತೆರೆದ.

"ಊಟ ಆಯ್ತಾ?" ಎಂದ.