ನಮ್ಮ ಮನೆ ಮುಂದೆ ನಿಲ್ಲುತ್ತಿದ್ದ ಬಸ್ಸು

ಬಸ್ಸಿನ ಬಗ್ಗೆ ಅಭಿಪ್ರಾಯವೇ ಇಲ್ಲದ ಮನುಷ್ಯನನ್ನು ನಾನು ಇದುವರೆಗೂ ಕಂಡಿಲ್ಲ. ದೇವರು ಇದ್ದಾನೋ ಇಲ್ಲವೋ ಎಂದು ಕೇಳಿ ನೋಡಿ, ‘ನಮಗೇನು ಗೊತ್ತಪ್ಪ’ ಎನ್ನುವವರು ಸಿಗುತ್ತಾರೆ. ಮಗಳಿಗೆ ಏನು ಓದಿಸೋಣ ಎಂದು ಕೇಳಿ, ತಲೆ ಕೆರೆದುಕೊಳ್ಳುತ್ತಾರೆ. ಆದರೆ ಬಸ್ಸು ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು, ಡ್ರೈವರು ಗೇರು ಹೇಗೆ ಹಾಕಬೇಕು ಎಂಬುದನ್ನು ಮಾತ್ರ ಯಾರೂ ಕೇಳುವ ತನಕ ಕಾಯುವುದಿಲ್ಲ. ಇಷ್ಟು ಜನ ಇಷ್ಟು ವರ್ಷದಿಂದ ಹೇಳುತ್ತಾ ಬಂದಿರುವುದನ್ನೆಲ್ಲ ಸೋಸಿದರೆ ಕೊನೆಗೆ ಉಳಿಯುವುದು ಇಷ್ಟೇ: ಬಸ್ಸು ನಮ್ಮ ಮನೆ ಮುಂದೆ ನಿಲ್ಲಬೇಕು, ನಾವು ಹತ್ತಿದ ಮೇಲೆ ಇನ್ನೆಲ್ಲೂ ನಿಲ್ಲಬಾರದು. ನನಗೂ ಇದೇ ಅಭಿಪ್ರಾಯವಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಸಂದರ್ಭ ಮಾತ್ರ ಬಂದಿರಲಿಲ್ಲ. ಏಕೆಂದರೆ ಬಸ್ಸು ನಮ್ಮ ಮನೆ ಮುಂದೆಯೇ ನಿಲ್ಲುತ್ತಿತ್ತು.

ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರು ಎಂದರೆ, ಪರೀಕ್ಷೆ ಹತ್ತಿರ ಬಂದಾಗ ಲೆಕ್ಕದ ಮೇಷ್ಟ್ರು ಬಂದು ‘ನಿಮ್ಮ ಪೀರಿಯಡ್ ಕೊಡ್ತೀರಾ ಸಾರ್’ ಎಂದು ಕೇಳಿದರೆ, ಸಂತೋಷದಿಂದ ಕೊಟ್ಟು ಸ್ಟಾಫ್ ರೂಮಿನಲ್ಲಿ ಕೂರುವ ಮನುಷ್ಯ. ನಮ್ಮ ಮನೆ ಇರುವುದು ಕೆ.ಆರ್. ನಗರದಿಂದ ಹುಣಸೂರಿಗೆ ಬರುವ ರಸ್ತೆಯ ಮೇಲೆ, ನಮ್ಮೂರು ದಾಟಿ ಸ್ವಲ್ಪ ಆಚೆಗೆ, ತೆಂಗಿನ ತೋಟದ ಅಂಚಿನಲ್ಲಿ. ಸರಿಯಾದ ಬಸ್ ಸ್ಟಾಪು ಊರೊಳಗೆ, ಹಾಲಿನ ಡೈರಿ ಎದುರಿಗೆ ಇದೆ. ನಡೆದು ಹೋಗುವಷ್ಟೇ ದೂರ. ಅಷ್ಟು ದೂರವನ್ನು ನಾನು ಎಂದೂ ನಡೆದಿರಲಿಲ್ಲ.

ಬೆಳಗಿನ ಬಸ್ಸಿನ ಡ್ರೈವರು ಸಿದ್ದರಾಜು ರಾವಂದೂರಿನ ಕಡೆಯವನು. ತೆಳ್ಳಗಿನ, ಮೆತ್ತಗಿನ ಮನುಷ್ಯ. ಬಸ್ಸು ನಮ್ಮ ತೋಟದ ತಿರುವಿಗೆ ಬಂದಾಗ ಅವನು ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಮೇಷ್ಟ್ರೇ ಬನ್ನಿ ಎಂದು ಅದರ ಅರ್ಥ. ನನ್ನ ಹೆಂಡತಿ ಗಿರಿಜೆ ಆ ಹಾರ್ನ್ ಕೇಳಿ ಒಲೆ ಆರಿಸುವಳು, ನಾನು ಕೊನೆಯ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಚಪ್ಪಲಿ ಹುಡುಕುವೆನು. ಕನ್ನಡಕ ಮರೆತು ಒಳಗೆ ಹೋಗಿ ಬರುವುದೂ ಇತ್ತು. ಅಷ್ಟು ಹೊತ್ತೂ ಬಸ್ಸು ಗುರ್ರೆನ್ನುತ್ತಾ ಗೇಟಿನ ಮುಂದೆ ನಿಂತಿರುತ್ತಿತ್ತು. ಹತ್ತಿದ ಮೇಲೆ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಟವೆಲ್ ಹಾಸಿಕೊಂಡು ಕೂತು, ಹುಣಸೂರಿನ ತನಕ ಅವನಿಗೆ ಲೋಕದ ವಿಚಾರ ಹೇಳುತ್ತಿದ್ದೆ. ಅವನು ರಸ್ತೆ ನೋಡುತ್ತಾ ‘ಊ ಸಾ, ಊ ಸಾ’ ಎನ್ನುತ್ತಿದ್ದ. ಇಷ್ಟು ಗಮನವಿಟ್ಟು ನನ್ನ ಮಾತು ಕೇಳುವವರು ಸ್ಕೂಲಿನಲ್ಲೂ ಇಲ್ಲ, ಮನೆಯಲ್ಲಂತೂ ಇಲ್ಲವೇ ಇಲ್ಲ.

ಈ ಮರ್ಯಾದೆ ನನಗೊಬ್ಬನಿಗೇ ಎಂದುಕೊಳ್ಳಬೇಡಿ. ನಮ್ಮ ಕಡೆ ಬಸ್ಸೆಂದರೆ ಮನೆಯವರಿದ್ದ ಹಾಗೆ, ಎಲ್ಲಿ ಕೈ ಅಡ್ಡ ಹಾಕಿದರೂ ನಿಲ್ಲಬೇಕು. ಹುಣಸೂರಿನಲ್ಲಿರುವ ತಂಗಿಗೆ ಸೊಪ್ಪಿನ ಗಂಟು ಕೊಟ್ಟು ಕಳಿಸಲು ನಿಲ್ಲಿಸುತ್ತಾರೆ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಈ ಬಸ್ಸನ್ನು ನಿಲ್ಲಿಸುತ್ತಾರೆ. ದಿನವೂ ಬರುವ ಒಬ್ಬ ಯಜಮಾನರು ಒಂದು ದಿನ ರಸ್ತೆಯ ಮಧ್ಯೆ ನಿಂತು ಎರಡೂ ಕೈ ಆಡಿಸಿ ಬಸ್ಸು ನಿಲ್ಲಿಸಿದರು. ಸಿದ್ದರಾಜು ಬ್ರೇಕು ಹಾಕಿದ. ಅವರು ಕಿಟಕಿ ಹತ್ತಿರ ಬಂದು, ‘ಇವತ್ತು ನಾ ಬರಾಕಿಲ್ಲ ಕಣಪ್ಪ, ನೀನು ಒಂಟೋಗು’ ಎಂದರು. ಬಸ್ಸಿನಲ್ಲಿದ್ದ ಯಾರಿಗೂ ಇದು ವಿಚಿತ್ರ ಎನ್ನಿಸಲಿಲ್ಲ. ಪಾಪ, ಹೇಳಿ ಕಳಿಸಿದರಲ್ಲ ಎಂದು ಇಬ್ಬರು ಮೆಚ್ಚಿಕೊಂಡರು.

ಹೀಗೆ ಎಲ್ಲರ ಮನೆ ಮುಂದೆಯೂ ನಿಂತು ಬರುವ ಬಸ್ಸು ಹುಣಸೂರಿಗೆ ಯಾವಾಗ ತಲುಪುತ್ತದೆ ಎಂಬ ಪ್ರಶ್ನೆಯನ್ನು ಕೇಳುತ್ತಿದ್ದವರು ಮುಂದಿನ ಸ್ಟಾಪುಗಳಲ್ಲಿ ಕಾದಿರುತ್ತಿದ್ದವರು ಮಾತ್ರ. ಅವರು ಬಸ್ಸಿಗೆ ಬೈಯುತ್ತಿರಲಿಲ್ಲ, ಸಿದ್ದರಾಜುವಿಗೆ ಬೈಯುತ್ತಿದ್ದರು. ಒಂದು ದಿನ ಕಟ್ಟೆಮಳಲವಾಡಿ ಸ್ಟಾಪಿನಲ್ಲಿ ಯಾರೋ ಒಬ್ಬ, ಆ ಊರಿನವನೂ ಅಲ್ಲ, ಹುಣಸೂರಿನಲ್ಲಿ ಎಚ್.ಡಿ. ಕೋಟೆ ಬಸ್ಸು ಹಿಡಿಯಬೇಕಾಗಿದ್ದವನು, ತಡವಾಯಿತೆಂಬ ಸಿಟ್ಟಿಗೆ ಡ್ರೈವರ್ ಕಡೆಯ ಬಾಗಿಲಿನ ಮೆಟ್ಟಿಲಿಗೆ ಹಾರಿ, ಕಿಟಕಿಯೊಳಗೆ ಕೈ ಹಾಕಿ ಸಿದ್ದರಾಜುವಿನ ಮುಖಕ್ಕೆ ಗುದ್ದಿದ. ಕೈಯಲ್ಲಿ ಬೀಗದ ಕೈ ಗೊಂಚಲು ಇತ್ತು. ಹುಬ್ಬು ಹರಿದು ರಕ್ತ ಬಂತು. ನಾನು ಪಕ್ಕದ ಬಾನೆಟ್ಟಿನ ಮೇಲೆ ಬಾಯಿ ತೆರೆದುಕೊಂಡೇ ಕೂತಿದ್ದೆ. ಗುದ್ದಿದವನು ಓಡಿಹೋದ. ಸಿದ್ದರಾಜು ನನ್ನ ಟವೆಲನ್ನೇ ಹಣೆಗೆ ಒತ್ತಿಕೊಂಡು, ನಲವತ್ತು ಐವತ್ತು ಜನರನ್ನು ಒಂದೇ ಕೈಯಲ್ಲಿ ಹುಣಸೂರಿಗೆ ತಂದು ಇಳಿಸಿದ. ನನಗೆ ಬಹಳ ಸಂಕಟವಾಯಿತು.

‘ಎಂಥಾ ಜನ ರೀ, ಒಬ್ಬ ಡ್ರೈವರಿಗೆ ಕೈ ಮಾಡೋದು ಅಂದ್ರೇನು!’ ಎಂದು ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಾಡಿದೆ. ಕಂಡಕ್ಟರ್ ನಾಗಮಣಿ ಟಿಕೆಟ್ ಮಿಷನ್ನನ್ನು ಚೀಲಕ್ಕೆ ಹಾಕುತ್ತಾ, ‘ನಿಮ್ ಕನ್ನಡಕ ಸಿಕ್ತಲ್ಲ ಮೇಷ್ಟ್ರೇ ಬೆಳಗ್ಗೆ, ಅದೇ ಸಂತೋಷ’ ಎಂದು ಹೋದಳು. ಆ ಹೆಣ್ಣುಮಗಳ ಮಾತು ಯಾವಾಗಲೂ ಹಾಗೆ, ಎತ್ತಲಿಂದ ಬಂತು ಎಂದು ತಿಳಿಯುವುದಿಲ್ಲ.

ಸಿದ್ದರಾಜು ರಜೆ ಹಾಕಿದ. ವಾರ ಕಳೆದು ಸಿಕ್ಕಾಗ ಹಣೆಗೆ ಪ್ಲಾಸ್ಟರ್ ಇತ್ತು. ‘ಈ ರೂಟು ಬ್ಯಾಡ ಅಂತ ಯೋಳಿವ್ನಿ ಸಾ. ಕ್ವಾಟೆ ಕಡೆ ಕಾಡಿನ ರೂಟು ಕೇಳಿವ್ನಿ’ ಎಂದ. ‘ಅಲ್ಲಿ ಆನೆ ಬರುತ್ತಲ್ಲಪ್ಪ!’ ಎಂದೆ ನಾನು. ‘ಆನೆ ಬಂದ್ರೆ ಗಾಡಿ ನಿಲ್ಲಿಸ್ಕೊಂಡು ಸುಮ್ಕೆ ಕುಂತ್ಕಂಡ್ರೆ ಅದರ ಪಾಡಿಗೆ ಅದು ಓಯ್ತದೆ ಸಾ. ಜನ ಅಂಗಲ್ಲ. ನಿಲ್ಲಿಸಿದ್ರೂ ಕ್ವಾಪ, ನಿಲ್ಲಿಸ್ದಿದ್ರೂ ಕ್ವಾಪ. ಮನೇಲಿ ನಮ್ಮೆಂಗಸ್ರು ಸ್ಟೇರಿಂಗೇ ಬುಟ್ಬುಡು ಅಂತಾವ್ಳೆ’ ಎಂದ. ಅವನು ಹೋದರೆ ಈ ರೂಟಿಗೆ ಬರಲು ಬೇರೆ ಡ್ರೈವರುಗಳು ತಯಾರಿರಲಿಲ್ಲ. ಬೆಳಗಿನ ಬಸ್ಸೇ ನಿಂತುಹೋಗುತ್ತದೆ ಎಂಬ ಸುದ್ದಿ ಹರಡಿತು. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು, ಗಾರ್ಮೆಂಟ್ಸಿಗೆ ಹೋಗುವವರು, ಸೊಪ್ಪು ಮಾರುವವರು ಎಲ್ಲರೂ ಗಾಬರಿಯಾದರು. ಕೊನೆಗೆ ಡಿಪೋ ಸಾಹೇಬರೇ, ಪ್ರಯಾಣಿಕರೆಲ್ಲ ಬನ್ನಿ, ಕೂತು ಮಾತಾಡೋಣ, ಏನು ಸುಧಾರಿಸಬೇಕು ಹೇಳಿ ಎಂದು ಸಭೆ ಕರೆದರು.

ಮಾತಾಡಲು ಮೇಷ್ಟ್ರೇ ಸರಿ ಎಂದು ಊರಿನವರು ನನ್ನನ್ನು ಆರಿಸಿದರು. ನಾನು ಬರೀ ಮಾತಿಗೆ ನಿಲ್ಲಲಿಲ್ಲ. ದೊಡ್ಡ ಡ್ರಾಯಿಂಗ್ ಶೀಟು ತಂದು ಸುತ್ತಲಿನ ಬಸ್ ದಾರಿಗಳನ್ನೆಲ್ಲ ಬಿಡಿಸಿದೆ. ಹುಣಸೂರು ಮಧ್ಯದಲ್ಲಿ, ಪಿರಿಯಾಪಟ್ಟಣಕ್ಕೆ ಹಸಿರು ಗೆರೆ, ಎಚ್.ಡಿ. ಕೋಟೆಗೆ ನೀಲಿ, ಕೆ.ಆರ್. ನಗರಕ್ಕೆ ಕೆಂಪು, ರಾವಂದೂರಿಗೆ ಒಂದು ಕವಲು. ಸ್ಟಾಪು ಇರುವಲ್ಲಿ ಚುಕ್ಕೆ. ಲಕ್ಷ್ಮಣತೀರ್ಥ ಹೊಳೆಯನ್ನೂ ಬಿಡಿಸಿ ಅದರಲ್ಲಿ ಎರಡು ಬಾತುಕೋಳಿ ತೇಲಿಬಿಟ್ಟೆ. ಗಿರಿಜೆ ಬಂದು ನೋಡಿದಳು. ‘ಬಸ್ಸಿನ ಮ್ಯಾಪಿಗೆ ಬಾತುಕೋಳಿ ಯಾಕ್ರೀ?’ ಎಂದಳು. ‘ಜಾಗ ಖಾಲಿ ಇತ್ತು’ ಎಂದೆ. ‘ಅಂಗಾರೆ ನಮ್ಮನೆ ಎಲ್ಲೈತೆ?’ ಎಂದಳು. ‘ಇದು ಸಾರ್ವಜನಿಕ ನಕ್ಷೆ ಕಣೇ. ಇದರಲ್ಲಿ ಒಬ್ಬೊಬ್ಬರ ಮನೆಯನ್ನೆಲ್ಲ ತೋರಿಸೋದಿಲ್ಲ’ ಎಂದೆ ಗಂಭೀರವಾಗಿ. ‘ಸರಿ ಬುಡಿ’ ಎಂದು ಒಳಗೆ ಹೋದಳು. ನನ್ನ ಹೆಂಡತಿ ‘ಸರಿ ಬುಡಿ’ ಎಂದಾಗ ನಿಂತು ಯೋಚಿಸುವುದು ಒಳ್ಳೆಯದೆಂದು ಇಷ್ಟು ವರ್ಷದ ಸಂಸಾರದಲ್ಲಿ ಕಲಿಯಬೇಕಾಗಿತ್ತು.

ಸಭೆ ಚೆನ್ನಾಗಿ ನಡೆಯಿತು, ಅಂದರೆ ಗಲಾಟೆ ಚೆನ್ನಾಗಿತ್ತು. ಒಬ್ಬರು ಬಸ್ಸು ತಮ್ಮ ಓಣಿಯೊಳಗೆ ಬಂದು ತಿರುಗಿಕೊಂಡು ಹೋಗಬೇಕು ಎಂದರು. ಆ ಓಣಿಯಲ್ಲಿ ಎತ್ತಿನ ಗಾಡಿಯೂ ತಿರುಗುವುದಿಲ್ಲ ಎಂದು ಅವರ ತಮ್ಮನೇ ಹೇಳಿದ. ಒಬ್ಬ ಅಜ್ಜಿ ಸೀಟು ಮೆತ್ತಗಿರಲಿ ಎಂದಳು. ನಕ್ಷೆಯ ಮುಂದೆ ಗುಂಪು ಸೇರಿತು. ಎಲ್ಲರೂ ಬೆರಳಿಟ್ಟು ಹುಡುಕುತ್ತಿದ್ದುದು ತಮ್ಮ ತಮ್ಮ ಮನೆಯನ್ನೇ. ಆಮೇಲೆ ನಾನು ಎದ್ದು ನಿಂತೆ. ಬಸ್ಸು ಚುಕ್ಕೆ ಇರುವಲ್ಲಿ ಮಾತ್ರ ನಿಲ್ಲಬೇಕು, ಯಾರೇ ಕೈ ಅಡ್ಡ ಹಾಕಿದರೂ ನಡುವೆ ನಿಲ್ಲಕೂಡದು ಎಂದೆ. ಬಾನೆಟ್ಟಿನ ಮೇಲೆ ಯಾರೂ ಕೂರಕೂಡದು, ಡ್ರೈವರ್ ಕಿಟಕಿಗೆ ಕಬ್ಬಿಣದ ಜಾಲರಿ ಹಾಕಿಸಬೇಕು, ಅವನ ಮೈ ಮುಟ್ಟಿದವರ ಮೇಲೆ ಕೇಸು ಹಾಕಬೇಕು ಎಂದೆ. ‘ಸ್ಟೇರಿಂಗ್ ಹಿಡಿದ ಕೈ ನಡುಗಿದರೆ ನಾವೆಲ್ಲ ಎಲ್ಲಿರುತ್ತೇವೆ, ಯೋಚನೆ ಮಾಡಿ!’ ಎಂದಾಗ ಚಪ್ಪಾಳೆ ಬಿತ್ತು. ಸಾಹೇಬರು ಎದ್ದು ಬಂದು ನನ್ನ ಕೈ ಕುಲುಕಿದರು. ಹಿಂದೆ ನಿಂತಿದ್ದ ಸಿದ್ದರಾಜುವಿನ ಕಣ್ಣು ತೇವವಾಗಿತ್ತು. ‘ನಿಮ್ಮಂತೋರು ಇರೋದ್ಕೆ ಇನ್ನೊಂದ್ ತಿಂಗ್ಳು ಓಡಿಸ್ತೀನಿ ಸಾ, ನೋಡಾನ’ ಎಂದ. ಆ ರಾತ್ರಿ ನನಗೆ ನನ್ನ ಮೇಲೆಯೇ ಗೌರವ ಬಂದು ಊಟ ಜಾಸ್ತಿ ಸೇರಿತು.

ಸೋಮವಾರದಿಂದ ಹೊಸ ಪದ್ಧತಿ. ಅದು ನನಗೆ ಚೆನ್ನಾಗಿ ನೆನಪಿತ್ತು. ನಾನೇ ಮಾಡಿಸಿದ್ದಲ್ಲವೇ! ಸುಧಾರಣೆ ಊರಿನ ಜನಕ್ಕೆ ಎಂಬುದೂ ನನ್ನ ತಲೆಯಲ್ಲಿ ಸ್ಪಷ್ಟವಾಗಿತ್ತು. ಆದ್ದರಿಂದ ಎಂದಿನಂತೆ ಸಮಾಧಾನವಾಗಿ ಅಕ್ಕಿ ರೊಟ್ಟಿಗೆ ಕೂತೆ. ಗಿರಿಜೆ ಇನ್ನೊಂದು ಹಾಕಲು ಬಂದಳು. ‘ಹಾರ್ನ್ ಆಗಿಲ್ಲ, ಹಾಕು’ ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಹಾಕಿದಳು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಸದ್ದು. ಹಾರ್ನ್ ಇಲ್ಲ! ಕೊಡೆ ಎಳೆದುಕೊಂಡು ಎಂಜಲು ಕೈಯಲ್ಲೇ ಓಡಿ ಗೇಟಿಗೆ ಬಂದು ಕೈ ಎತ್ತಿದೆ. ಬಸ್ಸು ನನ್ನನ್ನು ದಾಟಿ ಹೋಯಿತು. ಕಿಟಕಿಗಳಿಂದ ನಮ್ಮೂರಿನವರೆಲ್ಲ ನನಗೆ ವಾಪಸ್ಸು ಕೈ ಬೀಸಿದರು. ಅವರನ್ನು ಬೀಳ್ಕೊಡಲು ನಿಂತಿದ್ದೇನೆ ಎಂದುಕೊಂಡಿರಬೇಕು. ಹಿಂದಿನ ಕಿಟಕಿಯಿಂದ ನಾಗಮಣಿ ಮಾತ್ರ ಕೈ ಬೀಸಲಿಲ್ಲ, ನಗುತ್ತಿದ್ದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಟೊಮೇಟೊ ಹೇರಿಕೊಂಡು ಹುಣಸೂರಿನ ಮಾರ್ಕೆಟ್ಟಿಗೆ ಹೊರಟಿದ್ದ ಲಗೇಜ್ ಆಟೋ ಒಂದು ಸಿಕ್ಕಿತು. ಕ್ರೇಟುಗಳ ಮೇಲೆ ಹತ್ತಿ ಕೂತು, ‘ಬಸ್ಸು ಹಿಡಿಯಪ್ಪ’ ಎಂದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಿದ್ದರಾಜುವಿಗೆ ಬೈದೆ. ಎಷ್ಟು ವರ್ಷದ ವಿಶ್ವಾಸ! ನಿನ್ನ ಪರವಾಗಿ ಸಭೆಯಲ್ಲಿ ನಿಂತವನು ಯಾರು? ನನ್ನ ಟವೆಲ್ಲಿಗೆ ಅಂಟಿದ ರಕ್ತ ಇನ್ನೂ ಹೋಗಿಲ್ಲ, ಆಗಲೇ ನನಗೇ ಕಾನೂನು ತೋರಿಸುತ್ತೀಯಾ? ಊರಿನ ಮಂದಿಗೂ ಮೇಷ್ಟ್ರಿಗೂ ವ್ಯತ್ಯಾಸ ಬೇಡವೇ? ಆಟೋದವನು ಒಂದೆರಡು ಸಲ ಹಿಂತಿರುಗಿ ನೋಡಿದ. ಬಹುಶಃ ಕೆಲವು ಮಾತು ಬಾಯಿಂದಲೇ ಹೊರಗೆ ಬಂದಿರಬೇಕು.

ಕಟ್ಟೆಮಳಲವಾಡಿ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಜನ ಆರಾಮಾಗಿ ಹತ್ತುತ್ತಿದ್ದರು, ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ಬಸ್ಸು ಹೊತ್ತಿಗೆ ಸರಿಯಾಗಿ ಬಂದಿತ್ತು. ಇದನ್ನೆಲ್ಲ ನಾನು ಆಮೇಲೆ ಗಮನಿಸಿದ್ದು. ಆಗ ನನಗೆ ಕಂಡದ್ದು ಡ್ರೈವರ್ ಕಿಟಕಿ ಒಂದೇ. ಆಟೋದಿಂದ ಧುಮುಕಿ, ಬಸ್ಸಿನ ಮುಂದಿನಿಂದ ಬಳಸಿ ಹೋಗಿ, ಮೆಟ್ಟಿಲಿನ ಮೇಲೆ ಕಾಲಿಟ್ಟು ಮೇಲಕ್ಕೆ ಎದ್ದು, ‘ಸಿದ್ದರಾಜು!’ ಎಂದೆ.

ಸಿದ್ದರಾಜು ತಿರುಗಿ ನೋಡಿದ. ನೋಡಿದವನೇ ಕಣ್ಣು ಮುಚ್ಚಿಕೊಂಡು, ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದು, ಸೀಟಿನಲ್ಲಿ ಮುದುಡಿ ಕೂತ.

ನನಗೆ ಅರ್ಥವಾಗಲಿಲ್ಲ. ಯಾರಾದರೂ ಹಿಂದೆ ಬಂದರೇನೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಮೇಲೆ ನನ್ನ ಬಲಗೈ ಕಂಡಿತು. ಅದು ತಲೆಗಿಂತ ಮೇಲಿತ್ತು, ಅದರಲ್ಲಿ ಕೊಡೆ ಇತ್ತು. ಅದನ್ನು ನಾನು ಯಾವಾಗ ಎತ್ತಿದೆನೋ, ಯಾತಕ್ಕೆ ಎತ್ತಿದೆನೋ, ದೇವರಾಣೆಗೂ ತಿಳಿಯದು. ಅವನ ಹುಬ್ಬಿನ ಮೇಲಿನ ಹೊಸ ಚರ್ಮ ನನ್ನ ಮೂಗಿನ ಎದುರಿಗೇ ಇತ್ತು. ಬಹಳ ನಾಚಿಕೆಯಾಯಿತು.

‘ತಿಂಡಿ ಆಯ್ತೇನಪ್ಪಾ?’ ಎಂದೆ.

ಅವನು ಮೊಣಕೈ ಇಳಿಸಿ ಒಂದು ಕಣ್ಣು ಬಿಟ್ಟ. ‘ಆಯ್ತು ಸಾ. ನಿಮ್ದು?’ ಎಂದ.

‘ಆಯ್ತಾ ಇತ್ತು’ ಎಂದೆ. ಕೊಡೆಯನ್ನು ಕೆಳಗಿಳಿಸಿ ಬೆನ್ನ ಹಿಂದೆ ಇಟ್ಟುಕೊಂಡೆ. ಇನ್ನೇನಾದರೂ ಹೇಳಬೇಕಲ್ಲ. ಕಿಟಕಿಯ ಚೌಕಟ್ಟನ್ನು ಸವರುತ್ತಾ, ‘ಅಂದಹಾಗೆ, ಆ ಜಾಲರಿ ಯಾವಾಗ ಹಾಕ್ತಾರಂತೆ?’ ಎಂದು ಕೇಳಿದೆ.

ಸಿದ್ದರಾಜು ನನ್ನ ಮುಖ ನೋಡಿದ, ಬೆನ್ನ ಹಿಂದಿನಿಂದ ಇಣುಕುತ್ತಿದ್ದ ಕೊಡೆಯ ತುದಿ ನೋಡಿದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ.

‘ನಿದಾನ್ಕೆ ಹಾಕಿ ಅಂದಿದ್ದೆ ಸಾ’ ಎಂದ. ‘ಇವತ್ತೇ ಹಾಕಿಸ್ಕೋತೀನಿ.’